ಒಳಕ್ಕೆ ಮಡಚಿ ಹೊಲಿದದ್ದು

ಹೊಳೆದಂಡೆಯ ಆಶ್ರಮದಲ್ಲಿ ಮುರಿಗೆಯ್ಯ ಗುರುಗಳ ಶಿಷ್ಯ ಪ್ರಭುಲಿಂಗ ಸಂಜೆ ಹೊತ್ತು ಕಾದಂಬರಿ ಓದಿ ಅರ್ಥ ಹೇಳುತ್ತಿದ್ದ. ಅರ್ಥ ಹೇಳುವುದೆಂದರೆ ಅವನಿಗೆ ಎಲ್ಲಿಲ್ಲದ ಹುರುಪು.

ಆಗ ಓದುತ್ತಿದ್ದದ್ದು ಯುದ್ಧದ ಕಥೆ. ಮೀಸೆ ಸರಿಯಾಗಿ ಮೂಡದ ಹುಡುಗರು ಸೈನಿಕರಾಗಿ ಹೋಗುತ್ತಾರೆ. ಅವರಲ್ಲೊಬ್ಬನ ತಾಯಿ, ಇನ್ನೂ ಬೆಳೆಯುವ ಹುಡುಗ ಎಂದು, ಅವನ ಪ್ಯಾಂಟನ್ನು ಉದ್ದ ಹೊಲಿಸಿ ತುದಿಯನ್ನು ಒಳಕ್ಕೆ ಮಡಚಿ ದಾರ ಹಾಕಿರುತ್ತಾಳೆ. ಆ ಮಡಿಕೆ ಬಿಚ್ಚುವ ಮೊದಲೇ ಹುಡುಗ ಸಾಯುತ್ತಾನೆ.

ಮಡಿಕೆಯೆಂದರೆ ಬದುಕದೆ ಉಳಿದ ಆಯುಷ್ಯ, ದಾರವೆಂದರೆ ತಾಯಿಯ ಆಸೆ ಎಂದು ಪ್ರಭುಲಿಂಗ ಬಿಡಿಸಿ ಬಿಡಿಸಿ ಹೇಳಿದ. ಕೇಳಿದವರೆಲ್ಲ ತಲೆದೂಗಿದರು. ಆಶ್ರಮದ ಅಡುಗೆ ಮಾಡುವ ನೀಲವ್ವ ಮಾತ್ರ ಒಂದು ಪ್ರಶ್ನೆ ಕೇಳಿದಳು.

“ಮಣ್ಣು ಮಾಡೂಮುಂದ ಯಾರರ ಆ ಹೊಲಿಗಿ ಬಿಚ್ಚಿದ್ರೇನಪಾ?”

ಪ್ರಭುಲಿಂಗ ನಕ್ಕುಬಿಟ್ಟ. “ಅಲ್ಲಿ ಹುಡುಗನೂ ಇಲ್ಲ, ಪ್ಯಾಂಟೂ ಇಲ್ಲ ಯವ್ವಾ. ಅದು ಬರೇ ಸಂಕೇತ.”

ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು. ಮರುದಿನ ಅಡುಗೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅವಳ ಒಬ್ಬನೇ ಮಗ ಯಮನೂರಪ್ಪ ಗಡಿಯಲ್ಲಿ ಸತ್ತದ್ದು ಪ್ರಭುಲಿಂಗನಿಗೆ ಗೊತ್ತಿತ್ತು. ಅರ್ಥ ಹೇಳುವ ಭರದಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಈಗ ನೆನಪಾಗಿ ಅವನ ಜೀವ ಹಿಂಡಿತು. ಗುರುಗಳ ಬಳಿಗೆ ಹೋದ.

“ಅಜ್ಜಾರ, ನಾ ಹೇಳಿದ ಅರ್ಥ ತಪ್ಪೇನ್ರಿ?”

“ಅರ್ಥ ಸರಿ ಐತಿ.”

“ಮತ್ತ ನೀಲವ್ವ ಯಾಕ ಎದ್ದು ಹೋದಳ್ರಿ?”

“ಆಕಿ ಕೇಳಿದ್ದು ಅರ್ಥ ಅಲ್ಲ.”

ಏನು ಹೇಳಿ ಅವಳನ್ನು ಕರೆತರಲಿ ಎಂದು ಪ್ರಭುಲಿಂಗ ಕೇಳಿದ. ಏನೂ ಹೇಳಬೇಡ, ಹೋಗಿ ಸುಮ್ಮನೆ ಕುಳಿತುಕೋ ಎಂದರು ಗುರುಗಳು.

ಅವನು ಹೋದಾಗ ನೀಲವ್ವ ಹೊಸ್ತಿಲ ಹತ್ತಿರ ಕುಳಿತು ಮಗನ ಹಳೆಯ ಪ್ಯಾಂಟೊಂದರ ಅಂಚಿನ ಹೊಲಿಗೆ ಬಿಚ್ಚುತ್ತಿದ್ದಳು. ದಾರ ಹಳತಾಗಿ ಬಟ್ಟೆಗೆ ಕಚ್ಚಿಕೊಂಡಿತ್ತು. ಪ್ರಭುಲಿಂಗ ಎದುರು ಕೂತು ಬಟ್ಟೆಯನ್ನು ಬಿಗಿಯಾಗಿ ಹಿಡಿದ. ಒಂದು ಕಾಲಿನ ಹೊಲಿಗೆ ಬಿಚ್ಚಿ ಮುಗಿದ ಮೇಲೆ ಅವಳು ಬಾಯಿಬಿಟ್ಟಳು.

“ಮಿಲಿಟ್ರಿಗೆ ಹೋದಮ್ಯಾಲೆ ನಾಕ್ ಬಟ್ಟು ಎತ್ತರ ಆಗಿದ್ದನಂತ. ಅವನ ಗೆಳ್ಯಾರು ಹೇಳಿದ್ರು. ನಾ ನೋಡ್ಲಿಲ್ಲ. ಹೆಣದ ಪೆಟಗಿ ತಗೀಬ್ಯಾಡ್ರಿ ಅಂದ್ರು ಮಿಲಿಟ್ರಿಯವರು.”

ಅವನು ಹೊರಟು ನಿಂತಾಗ, ನಾಳೆ ಅಡುಗೆಗೆ ಬರುತ್ತೇನೆ ಎಂದು ಅವಳೇ ಹೇಳಿದಳು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಿರುಗಿ ಬಂದವನು ಕಾದಂಬರಿಯನ್ನು ಗುರುಗಳ ಮುಂದಿಟ್ಟು ಅತ್ತ. ಇನ್ನು ಮೇಲೆ ಓದುವುದಿಲ್ಲ ಎಂದ. ಗುರುಗಳು ಪುಸ್ತಕವನ್ನು ಮತ್ತೆ ಅವನ ಕಡೆಗೇ ಸರಿಸಿದರು.

“ಬರೇ ಸಂಕೇತ ಅನ್ನೋ ಮಾತು ನಾ ಆಡಬಾರದಿತ್ರಿ ಅಜ್ಜಾರ. ನನ್ನ ಜಾಗಾದಾಗ ನೀವಿದ್ರ ಹಿಂಗ ಆಗ್ತಿರಲಿಲ್ಲ.”

ಗುರುಗಳು ಹೊಳೆಯ ಕಡೆ ನೋಡುತ್ತ ಹೇಳಿದರು.

“ಮಗನ್ನ ಮಣ್ಣು ಮಾಡಿದ ಮರುದಿನ ಆಕಿ ನನ್ನ ಕಡೆ ಬಂದಿದ್ದಳು. ನಿನ್ನ ಮಗ ಸತ್ತಿಲ್ಲವ್ವಾ, ನಾಡಿನ ದೀಪ ಆಗ್ಯಾನ ಅಂದೆ. ಹೂಂ ಅಂದಳು. ಒಳಗ ಹೋಗಿ ಎಲ್ಲಾರಿಗೂ ರೊಟ್ಟಿ ಬಡಿದಳು. ನಾ ಉಂಡೆ.”