ಬೆಕ್ಕು ಕೆನ್ನೆ ಉಜ್ಜಿದ ಊರು

ಕಡಲಿಗೆ ಉಪ್ಪು ಬೆರೆತು ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಯಾವ ಕಡೆ ಬೀಸಬೇಕೆಂದು ಗಾಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಆಗ ಬೆಕ್ಕು ಬಾಗಿಲಿಗೆ ಕೆನ್ನೆ ಉಜ್ಜುತ್ತಿರಲಿಲ್ಲ, ಯಾರ ಕಾಲಿಗೂ ಮೈ ಸವರುತ್ತಿರಲಿಲ್ಲ. ನಡೆಯುತ್ತಿತ್ತು, ನೋಡುತ್ತಿತ್ತು, ಪ್ರಶ್ನೆ ಕೇಳುತ್ತಿತ್ತು. ಅಷ್ಟೇ.

ಒಂದು ದಿನ ಹೊಳೆ ಉಕ್ಕಿ ಒಂದು ಬೆಕ್ಕಿನ ಮರಿಯನ್ನು ಕಡಲಿಗೆ ಎಳೆದೊಯ್ದಿತು. ಮರಿ ಬಾಳೆದಿಂಡೊಂದನ್ನು ತಬ್ಬಿ ತೇಲುತ್ತಿತ್ತು.

“ಹೊಳೆಯೇ, ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗ್ತಿದ್ದೀ?”

“ನನಗೂ ಗೊತ್ತಿಲ್ಲ. ನಾನು ಉಕ್ಕಿದ್ದು ಇದೇ ಮೊದಲು” ಎಂದಿತು ಹೊಳೆ.

ಆ ಹೊತ್ತಿಗೆ ಒಂದು ಹಾಯಿದೋಣಿ ಬಂತು. ಅದರಲ್ಲಿ ಹಾಯಿ ಹೊಲಿಯುವ ಬಚ್ಚಕ್ಕ ಕುಳಿತಿದ್ದಳು. ಊರಲ್ಲಿ ಕೆಲಸ ಸಿಗದೆ ಕೂಲಿಗೆಂದು ಕಡಲಾಚೆಗೆ ಹೊರಟವಳು. ಅವಳು ಹಾಯಿಯ ತುದಿಯನ್ನು ನೀರಿಗೆ ಬಿಟ್ಟಳು. ಮರಿ ಉಗುರು ಊರಿ ಹತ್ತಿತು.

“ಬದುಕಿದೆ ಮಾರಾಯ್ತಿ. ಎಷ್ಟು ಪೋಕರಿ ಮುಖ ನೋಡು ನಿಂದು” ಎಂದು ಬಚ್ಚಕ್ಕ ಅದನ್ನು ಮಡಿಲಲ್ಲಿ ಒರೆಸಿದಳು.

ಹೀಗೆ ಬೆಕ್ಕು ಪರದೇಶಕ್ಕೆ ಬಂತು.

ಅದು ಖರ್ಜೂರದ ಊರು, ಮರಳಿನ ಊರು. ಬೆಕ್ಕು ಖರ್ಜೂರ ತಿಂದು ಉಗುಳಿತು. ಹಾಯಿಕಂಬದ ತುದಿಗೆ ಹತ್ತಿ ಇಳಿಯಲು ಗೊತ್ತಾಗದೆ ಕೂಗಿತು. ಮಲಗಿದ್ದ ಒಂಟೆಯ ಬೆನ್ನನ್ನು ಗುಡ್ಡ ಎಂದುಕೊಂಡು ಏರಿತು. ಗುಡ್ಡ ಎದ್ದು ನಡೆದಾಗ, “ಇಲ್ಲಿನ ಗುಡ್ಡಗಳು ಎಲ್ಲಿಗೆ ಹೋಗ್ತವೆ?” ಎಂದು ಕೇಳಿತು.

ಎಂಟನೆಯ ದಿನ ಬೆಳಿಗ್ಗೆ ಊರಬಾಗಿಲ ನಾಯಿ ದಾರಿಗೆ ಅಡ್ಡ ನಿಂತಿತು.

“ನೀನು ಯಾರದು?”

“ನಾನು ನಾನೇ.”

“ಹಾಗೆ ಹೇಳೋರಿಗೆ ಇಲ್ಲಿ ಜಾಗ ಇಲ್ಲ. ಈ ಊರಲ್ಲಿ ಎಲ್ಲವೂ ಧಣಿಯದು. ಮೈಮೇಲೆ ಧಣಿಯ ಬರೆ ಇರಬೇಕು. ಹೊತ್ತು ಮುಳುಗುವುದರೊಳಗೆ ಹಾಕಿಸಿಕೋ. ಇಲ್ಲದಿದ್ದರೆ ಮರಳುಗಾಡಿಗೆ ಅಟ್ಟುತ್ತೇನೆ. ಅಲ್ಲಿ ನೀರಿಲ್ಲ.”

“ಯಾಕೆ?”

“ಯಾಕೆ ಅಂತ ನನಗೆ ಹೇಳಿಲ್ಲ. ಅಟ್ಟು ಅಂತ ಹೇಳಿದ್ದಾರೆ.”

ಬೆಕ್ಕು ಒಂಟೆಯ ಬಳಿ ಹೋಯಿತು. ಒಂಟೆಯ ಕೆನ್ನೆಯ ಮೇಲೆ ಕಾದ ಕಬ್ಬಿಣದ ಗುರುತಿತ್ತು.

“ನೋವಾಯಿತಾ?”

“ಒಂದು ದಿನ ಉರಿಯಿತು. ಆಮೇಲೆ ನಾನು ಧಣಿಯದ್ದಾದೆ.”

“ನಿನ್ನದು ಅಂತ ಏನಿದೆ?”

ಒಂಟೆ ಬಹಳ ಹೊತ್ತು ಮೆಲುಕು ಹಾಕಿತು. “ಇದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ” ಎಂದಿತು.

ಬೆಕ್ಕು ಬಚ್ಚಕ್ಕನ ಬಳಿ ಹೋಯಿತು. ಬಚ್ಚಕ್ಕ ರವಿಕೆಯ ತೋಳು ಸರಿಸಿ ತೋರಿಸಿದಳು. ಅಲ್ಲಿಯೂ ಅದೇ ಗುರುತು.

“ಹೊಟ್ಟೆಪಾಡು, ಮಗಾ. ಕೆಲಸ ಕೊಡೋ ಮುಂಚೆ ಹಾಕಿದರು. ನೀನೂ ಹಾಕಿಸಿಕೋ. ಮರಳಲ್ಲಿ ಬಾಯಾರಿ ಸಾಯೋದಕ್ಕಿಂತ ವಾಸಿ.”

ಪ್ರೀತಿಯಿಂದಲೇ ಹೇಳಿದಳು. ಪ್ರೀತಿಯಿಂದ ಹೇಳಿದ್ದೆಲ್ಲ ಸರಿಯಾಗಿರುವುದಿಲ್ಲ. ಬೆಕ್ಕನ್ನು ಎತ್ತಿಕೊಂಡು ಅವಳು ಬರೆಗಾರನ ಕುಲುಮೆಗೆ ನಡೆದಳು.

ಕಬ್ಬಿಣ ಕೆಂಪಗೆ ಕಾಯುತ್ತಿತ್ತು. ಬೆಕ್ಕು ಕೇಳಿತು: “ಬರೆ ಇದ್ದರೆ ಏನಾಗುತ್ತದೆ?”

“ಯಾರ ಗುರುತು ಇದೆಯೋ, ಅವರದು. ಅದೇ ಕಾನೂನು” ಎಂದ ಬರೆಗಾರ.

“ಧಣಿಯ ಬಾಗಿಲ ಮೇಲೆ ಗುರುತಿದೆಯಾ?”

“ಬಾಗಿಲಿಗೆ ಯಾಕೆ? ಅದು ಹೇಗೂ ಅವರದೇ.”

“ಧಣಿಯ ಮೇಲೆ?”

ಬರೆಗಾರ ನಕ್ಕುಬಿಟ್ಟ. “ಧಣಿಗೆ ಬರೆ ಹಾಕೋ ಗಂಡು ಯಾರಿದ್ದಾನೆ?”

ಬಚ್ಚಕ್ಕ ನಗಲಿಲ್ಲ. ತನ್ನ ತೋಳನ್ನೊಮ್ಮೆ ನೋಡಿಕೊಂಡಳು. ಕಬ್ಬಿಣ ಹತ್ತಿರ ಬಂತು. ಅವಳು ಹಿಡಿತ ಸಡಿಲ ಮಾಡಿದಳು, ಬೇಕೆಂದೇ. ಬೆಕ್ಕು ಹಾರಿ ಓಡಿತು.

ಓಡಿ ಓಡಿ ನಿಂತಿತು. ತಾನೇ ಗುರುತು ಹಾಕಿದರೆ ಎಲ್ಲವೂ ತನ್ನದಾಗುತ್ತದೆ. ಆದರೆ ಬೆಂಕಿ ಇಲ್ಲ, ಕಬ್ಬಿಣ ಇಲ್ಲ. ಗುರುತು ಹಾಕುವುದು ಹೇಗೆ?

“ನಿನ್ನೆ ನೀನು ಖರ್ಜೂರದ ಚೀಲಕ್ಕೆ ಕೆನ್ನೆ ಆನಿಸಿ ಮಲಗಿದ್ದೆಯಲ್ಲ,” ಎಂದಿತು ಗಾಳಿ, “ನಿನ್ನ ವಾಸನೆ ಇನ್ನೂ ಅದರ ಮೇಲಿದೆ. ನಾನು ಎಷ್ಟು ಬೀಸಿದರೂ ಹೋಗಲಿಲ್ಲ. ಏನು ಅಂಟು ಅದು?”

“ಹೌದಾ?” ಎಂದಿತು ಬೆಕ್ಕು.

ಅದು ಊರಬಾಗಿಲಿಗೆ ಕೆನ್ನೆ ಉಜ್ಜಿತು. ಖರ್ಜೂರದ ಚೀಲಗಳಿಗೆ ಉಜ್ಜಿತು. ಬಾವಿಕಟ್ಟೆಗೆ ಉಜ್ಜಿತು. ಒಂಟೆಯ ಮೊಣಕಾಲಿಗೆ ಉಜ್ಜಿ, “ಉರಿಯಿತಾ?” ಎಂದು ಕೇಳಿತು.

“ಇಲ್ಲ. ಇನ್ನೊಂದು ಸಲ ಉಜ್ಜು” ಎಂದಿತು ಒಂಟೆ.

ಬರೆಗಾರನ ಕಾಲಿಗೆ ಉಜ್ಜಿತು. ಧಣಿ ಮನೆಯ ಮುಂದೆ ಮಂಚದ ಮೇಲೆ ಕಾಲು ಇಳಿಬಿಟ್ಟು ಗೊರಕೆ ಹೊಡೆಯುತ್ತಿದ್ದ. ಬೆಕ್ಕು ಮಂಚಕ್ಕೊಮ್ಮೆ, ಅವನ ಎಡಗಾಲಿಗೊಮ್ಮೆ, ಬಲಗಾಲಿಗೊಮ್ಮೆ ಉಜ್ಜಿತು.

ಹೊತ್ತು ಮುಳುಗಿತು. ನಾಯಿ ಬೆಕ್ಕನ್ನು ಅಟ್ಟಲು ಬಂತು. ನಾಯಿ ಕಣ್ಣನ್ನು ನಂಬುವ ಪ್ರಾಣಿಯಲ್ಲ, ಮೂಗನ್ನು ನಂಬುವಂಥದ್ದು. ಬಾಗಿಲು ಮೂಸಿತು: ಬೆಕ್ಕು. ಚೀಲ ಮೂಸಿತು: ಬೆಕ್ಕು. ಬಾವಿ, ಒಂಟೆ, ಮಂಚ, ಎಲ್ಲವೂ ಬೆಕ್ಕು.

ಧಣಿ ಎದ್ದ. “ಏನು ನೋಡ್ತಾ ನಿಂತಿದ್ದೀಯ? ಅಟ್ಟು ಅದನ್ನ.”

ನಾಯಿ ಅವನ ಕಾಲು ಮೂಸಿತು. ಮತ್ತೊಮ್ಮೆ ಮೂಸಿತು.

“ಧಣಿ, ಯಾರ ಗುರುತು ಇದೆಯೋ ಅವರದು ಅಂತ ಕಾನೂನು ಮಾಡಿದ್ದು ನೀವೇ. ಹಾಗೆ ನೋಡಿದರೆ ನೀವು ಈ ಬೆಕ್ಕಿನವರು. ನಾನೀಗ ಯಾರ ಮಾತು ಕೇಳಲಿ?”

ಮೊದಲು ಒಂಟೆ ನಕ್ಕಿತು. ಆಮೇಲೆ ಕೆಲಸ ಮುಗಿಸಿ ಅಲ್ಲಿ ನೆರೆದಿದ್ದ ಕೂಲಿಯವರೆಲ್ಲ ನಕ್ಕರು. ಧಣಿ, “ಕಬ್ಬಿಣ ತಾ” ಎಂದು ಗದರಿದ. ಬರೆಗಾರ ತನ್ನ ಕಾಲನ್ನು ನೋಡಿಕೊಂಡ, ಕುಲುಮೆಗೆ ಒಂದು ಕೊಡ ನೀರು ಸುರಿದ. ಬೆಂಕಿ ಚುಂಯ್ ಎಂದು ಆರಿತು. ಅಟ್ಟುವವರಿಲ್ಲ, ಬರೆ ಹಾಕುವವರಿಲ್ಲ ಎಂದಮೇಲೆ ಧಣಿ ಒಬ್ಬ ಮುದುಕ, ಅಷ್ಟೇ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

“ಹಾಗಾದರೆ ಊರು ನಿನ್ನದಾಯಿತಾ?” ಎಂದು ಕೇಳಿದಳು ಬಚ್ಚಕ್ಕ.

“ನನ್ನದು. ನೀನು ಉಜ್ಜಿದರೆ ನಿನ್ನದೂ.”

ಬಚ್ಚಕ್ಕ ಸುತ್ತ ನೋಡಿದಳು. ನಾಚಿಕೆಯಾಯಿತು. ಆದರೂ ಬಗ್ಗಿ ಊರಬಾಗಿಲಿಗೆ ಕೆನ್ನೆ ಉಜ್ಜಿದಳು. ಅವಳ ಹಿಂದೆ ಕೂಲಿಯವರು ಸಾಲುಗಟ್ಟಿದರು.

ಕಬ್ಬಿಣದ ಗುರುತು ಸುಟ್ಟು ಉಳಿಯುತ್ತದೆ. ಕೆನ್ನೆಯ ಗುರುತು ಸುಡುವುದಿಲ್ಲ, ಅದಕ್ಕೇ ಬೇಗ ಅಳಿಯುತ್ತದೆ. ಆದ್ದರಿಂದ ಬೆಕ್ಕು ದಿನವೂ ಉಜ್ಜಬೇಕು. ಉಜ್ಜುವುದನ್ನು ತನ್ನ ಮರಿಗಳಿಗೆ ಕಲಿಸಿತು, ಆ ಮರಿಗಳು ತಮ್ಮ ಮರಿಗಳಿಗೆ ಕಲಿಸಿದವು.

ಇವತ್ತು ನೀನು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಬೆಕ್ಕು ನಿನ್ನ ಕಾಲಿಗೆ ಕೆನ್ನೆ ಉಜ್ಜಿದರೆ, ಹಾಲು ಬೇಡುತ್ತಿದೆ ಎಂದುಕೊಳ್ಳಬೇಡ. ಈ ಮನೆಯಿಂದ ತನ್ನನ್ನು ಯಾರೂ ಅಟ್ಟುವಂತಿಲ್ಲ ಎಂದು ಅದು ನಿನಗೆ ತಿಳಿಸುತ್ತಿದೆ.