ಕಾಟಪ್ಪನ ತೋಳು, ಚಿಕ್ಕೀರಮ್ಮನ ಬಸಿರು

“ಗುರುಗಳೇ, ‘ನನ್ನ ಮೈ ನನ್ನದು’ ಎಂಬ ಮಾತು ಒಬ್ಬರ ಬಾಯಲ್ಲಿ ಸರಿ, ಇನ್ನೊಬ್ಬರ ಬಾಯಲ್ಲಿ ತಪ್ಪು ಆಗಲು ಸಾಧ್ಯವೇ?” ಎಂದು ಶಿಷ್ಯ ಸೋಮಯ್ಯ ಕೇಳಿದ.

ಅವನು ಹಿಂದಿನ ದಿನ ಪೇಟೆಗೆ ಹೋಗಿದ್ದ. ಅಲ್ಲಿ ಎರಡು ಸಭೆಗಳು ನಡೆದಿದ್ದವು. ಒಂದರಲ್ಲಿ ಲಸಿಕೆ ಬೇಡವೆನ್ನುವವರು ಸೇರಿದ್ದರು. ನಮ್ಮ ಮೈಗೆ ಸೂಜಿ ಚುಚ್ಚಲು ನೀವು ಯಾರು ಎಂದು ಅವರು ಕೇಳುತ್ತಿದ್ದರು. ಇನ್ನೊಂದರಲ್ಲಿ ಹೆಂಗಸರು ಸೇರಿದ್ದರು. ಬಸಿರನ್ನು ಹೊರುವುದೋ ಬಿಡುವುದೋ ಹೊರುವವಳಿಗೆ ಬಿಟ್ಟದ್ದು ಎಂದು ಅವರು ಹೇಳುತ್ತಿದ್ದರು. ಮೊದಲ ಸಭೆಯವರು ಎರಡನೆಯವರನ್ನು ಬೈದರು. ಎರಡನೆಯವರು ಮೊದಲಿನವರನ್ನು ಬೈದರು. ಇಬ್ಬರೂ ಹಿಡಿದದ್ದು ಒಂದೇ ಮಾತು.

“ಈ ಎರಡೂ ಒಂದೇ ಹೌದೋ ಅಲ್ಲವೋ ಎಂಬುದು ಮೊದಲು ತೀರ್ಮಾನವಾಗಬೇಕು ಗುರುಗಳೇ. ಆಮೇಲೆ ಉಳಿದದ್ದು ತಾನಾಗಿ ತಿಳಿಯುತ್ತದೆ” ಎಂದ ಸೋಮಯ್ಯ.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಹೇಳಿದರು.

ನಾನು ಹುಟ್ಟಿದ್ದು ಕಂಬಳಿ ನೇಯುವವರ ಬೀದಿಯಲ್ಲಿ. ಈಗ ಆ ಬೀದಿ ಇಲ್ಲ. ಮಗ್ಗದ ಕುಣಿಗಳನ್ನೆಲ್ಲ ಮುಚ್ಚಿ ಮೇಲೆ ಅಂಗಡಿ ಕಟ್ಟಿದ್ದಾರೆ. ಆದರೆ ಹುಣಸೆ ಬೀಜದ ಗಂಜಿ ಕುದಿಯುವ ವಾಸನೆ ಎಲ್ಲಾದರೂ ಬಂದರೆ ನನ್ನ ಕಾಲು ಇಂದಿಗೂ ನಿಂತುಬಿಡುತ್ತದೆ. ನೇಯ್ದ ಕಂಬಳಿಗೆ ಆ ಗಂಜಿ ಹಾಕಿ ಬೀದಿಯುದ್ದಕ್ಕೂ ಬಿಗಿದು ಒಣಗಿಸುತ್ತಿದ್ದೆವು. ಒಂದು ಮನೆಯ ಕಂಬಳಿ ಬಿಗಿಯಲು ನಾಲ್ಕು ಮನೆಯವರು ಬರುತ್ತಿದ್ದರು. ಒಳ್ಳೆಯ ಜನ, ಸೋಮಯ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೀದಿಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಬೀದಿಗೆ ಕಾಟಪ್ಪ ಯಜಮಾನ. ಅವನಷ್ಟು ಬಿಗಿಯಾಗಿ ನೇಯುವವರು ಸುತ್ತ ಎಲ್ಲೂ ಇರಲಿಲ್ಲ. ಅವನ ಕಂಬಳಿಯಲ್ಲಿ ನೀರು ಹಿಡಿದು ತರಬಹುದು ಎನ್ನುತ್ತಿದ್ದರು. ಅವನ ಒಬ್ಬಳೇ ಮಗಳು ಚಿಕ್ಕೀರಮ್ಮ. ಅವಳನ್ನು ಅದೇ ಬೀದಿಯ ಕೊನೆಯ ಮನೆಗೆ ಕೊಟ್ಟಿದ್ದರು.

ಆ ಕಾಲದಲ್ಲಿ ಸಿಡುಬನ್ನು ಮೈಲಿ ಎನ್ನುತ್ತಿದ್ದೆವು. ಅದು ಬಾರದಂತೆ ತೋಳಿಗೆ ಗೀರಿ ಮದ್ದು ಹಾಕಲು ಗನಿ ಸಾಹೇಬರು ಎಂಬ ಸರ್ಕಾರಿ ನೌಕರರು ವರ್ಷಕ್ಕೊಮ್ಮೆ ಊರೂರಿಗೆ ಬರುತ್ತಿದ್ದರು. ನಮ್ಮ ಬೀದಿಗೆ ಮೊದಲ ಸಲ ಬಂದ ವರ್ಷವೇ ಕಾಟಪ್ಪ ಅವರನ್ನು ಬೀದಿಯ ಬಾಯಲ್ಲೇ ತಡೆದ. ಅವನ ಅಣ್ಣನಿಗೆ ಹಿಂದೆ ಯಾರೋ ಗೀರಿದ ಗಾಯ ಕೀವಾಗಿ ತೋಳು ಸೊಟ್ಟಗಾಗಿತ್ತು. ಆ ಅಣ್ಣ ಮತ್ತೆ ಮಗ್ಗದ ಲಾಳಿ ಹಿಡಿಯಲಿಲ್ಲ.

“ಈ ತೋಳು ನನ್ನದು ಸಾಹೇಬರೇ. ಇದು ಹೋದರೆ ನನಗೆ ಬೇರೆ ತೋಳು ಕೊಡುತ್ತೀರಾ?” ಎಂದ ಕಾಟಪ್ಪ.

“ಇಲ್ಲ. ತೋಳು ನಿಮ್ಮದೇ. ಆದರೆ ಮೈಲಿ ಬಂದರೆ ಅದು ನಿಮ್ಮಲ್ಲೇ ನಿಲ್ಲುವುದಿಲ್ಲ ಯಜಮಾನರೇ” ಎಂದರು ಗನಿ ಸಾಹೇಬರು. ಪೊಲೀಸರನ್ನು ಕರೆಸುವ ಅಧಿಕಾರ ಅವರಿಗಿತ್ತು. ಕರೆಸಲಿಲ್ಲ. ಸೈಕಲ್ ತಿರುಗಿಸಿಕೊಂಡು ಹೋದರು. ಯಜಮಾನನೇ ಬೇಡವೆಂದ ಮೇಲೆ ಬೀದಿಯಲ್ಲಿ ಬೇರೆ ಯಾರೂ ತೋಳು ಕೊಡಲಿಲ್ಲ.

ಬೇಸಿಗೆಯಲ್ಲಿ ಮೈಲಿ ಬಂತು. ಮೊದಲು ಬಂದದ್ದು ಕಾಟಪ್ಪನಿಗೆ. ಉಣ್ಣೆ ಕೊಳ್ಳಲು ಸಂತೆಗೆ ಹೋಗಿದ್ದವನು ಜ್ವರ ಹೊತ್ತು ತಂದ. ಗುಳ್ಳೆ ಏಳುವವರೆಗೆ ಅದು ಮೈಲಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಮನೆಯ ಮಾರಕ್ಕನ ಕೂಸನ್ನು ತೊಡೆಯ ಮೇಲೆ ಆಡಿಸುವುದು ಅವನ ದಿನದ ರೂಢಿ. ಆ ದಿನಗಳಲ್ಲೂ ಆಡಿಸಿದ. ಕಾಟಪ್ಪ ಉಳಿದುಕೊಂಡ. ಮಾರಕ್ಕನ ಕೂಸು ಉಳಿಯಲಿಲ್ಲ. ಎದುರು ಮನೆಯ ಇನ್ನೊಂದು ಕೂಸೂ ಉಳಿಯಲಿಲ್ಲ.

ಯಾರೂ ಅವನನ್ನು ದೂರಲಿಲ್ಲ. ಮಾರಕ್ಕ ಎಂದಿನಂತೆ ಅವನ ಮನೆಗೆ ಬೆಂಕಿ ಕೇಳಲು ಬಂದಳು. ಅವನು ಕೊಟ್ಟ.

ಮರುವರ್ಷ ಗನಿ ಸಾಹೇಬರು ಬಂದಾಗ ಮೊದಲು ಕಾಟಪ್ಪನ ಜಗಲಿಯ ಮೇಲೆ ಕುಳಿತರು. ಹೋದ ವರ್ಷ ನೀವು ಯಾಕೆ ಹೆದರಿದಿರಿ ಎಂದು ಕೇಳಿದರು. ಕಾಟಪ್ಪ ಅಣ್ಣನ ಕತೆ ಹೇಳಿದ. ಸಾಹೇಬರು ಪೂರ್ತಿ ಕೇಳಿದರು. ಆಮೇಲೆ ಅವನ ಒಲೆಯ ಮೇಲೆ, ಅವನ ಕಣ್ಣೆದುರಿಗೇ, ತಮ್ಮ ಸೂಜಿಗಳನ್ನು ಕುದಿಸಿದರು. ಮೈಲಿ ಬಂದು ಹೋದವನಿಗೆ ಮದ್ದು ಬೇಕಿರಲಿಲ್ಲ. ಆದರೂ ಕಾಟಪ್ಪ ಎಲ್ಲರಿಗಿಂತ ಮುಂದೆ ನಿಂತು ತೋಳು ಚಾಚಿದ. ಅವನ ಹಿಂದೆ ಇಡೀ ಬೀದಿ ಸಾಲು ನಿಂತಿತು. ನಾನೂ ನಿಂತಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ.

ಅದಾಗಿ ಎರಡು ವರ್ಷಕ್ಕೆ ಚಿಕ್ಕೀರಮ್ಮ ನಾಲ್ಕನೆಯ ಸಲ ಬಸಿರಾದಳು. ಮೂರನೆಯ ಹೆರಿಗೆಯಲ್ಲೇ ಅವಳು ಬದುಕಿದ್ದು ಹೆಚ್ಚು. ಸೂಲಗಿತ್ತಿ ಬಂದು ನೋಡಿ, ಹೊರಗೆ ಬಂದು ಅವಳ ಗಂಡನಿಗೆ ಹೇಳಿದಳು.

“ಇದು ಇವಳನ್ನು ಉಳಿಸುವುದಿಲ್ಲಪ್ಪ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ತೆಗೆದುಹಾಕುತ್ತಾರೆ. ಮೂರು ತಿಂಗಳು ತುಂಬುವುದರೊಳಗೆ ಕರೆದುಕೊಂಡು ಹೋಗಿ.”

ಗಂಡ ಹೆದರಿದ. ಅಂಥ ಕೆಲಸವನ್ನು ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ಯಾರೂ ಮಾಡಿಸಿರಲಿಲ್ಲ. ಅವನು ಮಾವನ ಮನೆಗೆ ಬಂದ. ಕಾಟಪ್ಪನೂ ಹೆದರಿದ. ಮಗಳನ್ನು ತವರಿಗೆ ಕರೆಸಿಕೊಂಡು ಹಿರಿಯರನ್ನು ಜಗಲಿಗೆ ಕರೆದ. ನನಗೆ ನಾಲ್ಕಕ್ಷರ ಬರುತ್ತಿತ್ತು ಎಂದು ನನ್ನನ್ನೂ ಕರೆದರು.

ಮೊದಲ ದಿನ ಗಂಡ, “ಬಸಿರು ನಮ್ಮ ಮನೆಯದು. ಅದರೊಳಗೆ ಜೀವವಿದೆ” ಎಂದ. ಕಾಟಪ್ಪ, “ಮೈ ನನ್ನ ಮಗಳದು” ಎಂದ. ಆಗ ಹಿರಿಯನೊಬ್ಬ ಮೆಲ್ಲಗೆ ಹೇಳಿದ: “ನಿನ್ನ ತೋಳು ನಿನ್ನದು ಎಂದೆ ಕಾಟಪ್ಪ. ಬೀದಿಯಲ್ಲಿ ಎರಡು ತೊಟ್ಟಿಲು ಬರಿದಾದವು. ಈಗ ಮತ್ತೆ ಅದೇ ಮಾತೇ?”

ಕಾಟಪ್ಪ ತಲೆ ತಗ್ಗಿಸಿದ. ಆಮೇಲೆ ಅವನು ಆ ಜಗಲಿಯ ಮೇಲೆ ಬಾಯಿ ತೆರೆಯಲಿಲ್ಲ.

ಎಂಟು ದಿನ ಬಿಟ್ಟು ಮತ್ತೆ ಸೇರಿದೆವು. ಅಂದು ಮಾರಕ್ಕ ಎದ್ದು ನಿಂತಳು. ಹೆಂಗಸರು ಹಿರಿಯರ ಮುಂದೆ ಮಾತಾಡುವ ರೂಢಿ ಇರಲಿಲ್ಲ. ಆದರೆ ಕೂಸು ಕಳೆದುಕೊಂಡವಳನ್ನು ಕೂರು ಎನ್ನಲು ಯಾರಿಗೂ ಮನಸ್ಸಾಗಲಿಲ್ಲ.

“ಕಾಟಣ್ಣನ ಮೈಲಿ ನನ್ನ ತೊಟ್ಟಿಲಿಗೆ ಬಂತು. ಚಿಕ್ಕಿಯ ಬಸಿರು ಯಾರ ಮನೆಗೆ ಹೋಗುತ್ತದೆ? ಎರಡನ್ನೂ ಒಂದು ಮಾಡಬೇಡಿ. ಕೂಸು ಹೋದರೆ ಹೊಟ್ಟೆ ಎಷ್ಟು ಉರಿಯುತ್ತದೆ ಎಂದು ನಿಮಗಿಂತ ನನಗೆ ಗೊತ್ತು. ಆದರೂ ಇವಳು ಸಾಯಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ” ಎಂದಳು.

“ಹೊರಗಿನ ಕೂಸಿಗೆ ಕೇಡು ಮಾಡಬಾರದು, ಒಳಗಿನದಕ್ಕೆ ಮಾಡಬಹುದೇ?” ಎಂದು ಇನ್ನೊಬ್ಬ ಹಿರಿಯ ಕೇಳಿದ. ಅವನ ಕಣ್ಣಲ್ಲೂ ನೀರಿತ್ತು.

ಅಲ್ಲಿಂದ ಮಾತನ್ನು ನಾನು ಹಿಡಿದುಕೊಂಡೆ. ರೋಗಕ್ಕೂ ಬಸಿರಿಗೂ ಎಲ್ಲಿ ಹೋಲಿಕೆ, ಎಲ್ಲಿ ಭೇದ ಎಂದು ಬಿಡಿಸಿ ಬಿಡಿಸಿ ಹೇಳಿದೆ. ತೋಳು ಕೊಡುವುದು ಒಂದು ಗಳಿಗೆಯ ನೋವು, ಬಸಿರು ಒಂಬತ್ತು ತಿಂಗಳ ಹೊರೆ ಎಂದೆ. ಆ ಕಡೆಯವರು ಏನು ಹೇಳಬಹುದು ಎಂಬುದನ್ನೂ ನಾನೇ ಹೇಳಿದೆ, ಅದಕ್ಕೆ ಉತ್ತರವನ್ನೂ ನಾನೇ ಕೊಟ್ಟೆ. ಎಷ್ಟು ಚೆನ್ನಾಗಿ ಹೇಳಿದ ಎಂದು ಎಲ್ಲರೂ ತಲೆದೂಗಿದರು. ನನಗೆ ಹಿತವಾಯಿತು. ಆ ಹಿತ ಇನ್ನೂ ನೆನಪಿದೆ, ಸೋಮಯ್ಯ.

ನಾವು ಹೀಗೆ ಮಾತಾಡುತ್ತಿದ್ದಾಗ ಚಿಕ್ಕೀರಮ್ಮ ಒಳಗೆ ಉಣ್ಣೆ ಹಿಂಜುತ್ತಿದ್ದಳು. ಹಿಂಜುವಾಗ ಅವಳು ಯಾವಾಗಲೂ ಏನಾದರೂ ಗುನುಗುತ್ತಿದ್ದಳು. ಆ ದಿನಗಳಲ್ಲಿ ಗುನುಗಲಿಲ್ಲ. ಒಂದು ಸಲ ಅವಳು ಬಾಗಿಲವರೆಗೆ ಬಂದು ನಿಂತಳು. “ನೀರು ಬೇಡ, ಒಳಗಿರು” ಎಂದ ಗಂಡ. ಅವಳ ಕೈಯಲ್ಲಿ ಚೊಂಬು ಇರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು.

ಮೂರನೆಯ ಸಲ ಸೇರುವುದು ತಡವಾಯಿತು. ನಡುವೆ ಒಂದು ಮದುವೆ ಬಂತು, ಉಣ್ಣೆ ಕತ್ತರಿಸುವ ಕೆಲಸ ಬಂತು. ಕೊನೆಗೆ ಸೇರಿದಾಗ ಎಲ್ಲರೂ ಒಪ್ಪಿದರು. ಎರಡೂ ಒಂದೇ ಮಾತಲ್ಲ, ಆಸ್ಪತ್ರೆಗೆ ಕರೆದೊಯ್ಯಬಹುದು ಎಂದು ತೀರ್ಮಾನವಾಯಿತು. ಗಂಡನೇ ಗಾಡಿ ಹೂಡಿದ. ಕಂಬಳಿ ಹಾಸಿ ಅವಳನ್ನು ಮಲಗಿಸಿದ. ಕಾಟಪ್ಪ ಗಾಡಿಯ ಹಿಂದೆ ನಡೆದ. ನಾನೂ ಜೊತೆಗೆ ಹೋದೆ.

ಡಾಕ್ಟರಮ್ಮ ನೋಡಿ ಹೊರಗೆ ಬಂದು, “ಇಷ್ಟು ದಿನ ಏನು ಮಾಡುತ್ತಿದ್ದಿರಿ?” ಎಂದರು. ಐದು ತಿಂಗಳು ತುಂಬಿತ್ತು. ಇನ್ನು ಕೈ ಹಾಕಿದರೂ ಅಪಾಯ, ಬಿಟ್ಟರೂ ಅಪಾಯ ಎಂದರು. ಗಾಡಿ ತಿರುಗಿಸಿಕೊಂಡು ಬಂದೆವು.

ಎಂಟನೆಯ ತಿಂಗಳಲ್ಲಿ ಅವಳಿಗೆ ರಕ್ತ ಹೋಗತೊಡಗಿತು. ನಿಲ್ಲಲಿಲ್ಲ. ತಾಯಿಯೂ ಹೋದಳು, ಕೂಸೂ ಹೋಯಿತು. ಅವಳ ಗಂಡ ಮತ್ತೆ ಮದುವೆಯಾಗಲಿಲ್ಲ. ಮೂರು ಮಕ್ಕಳನ್ನು ಮಾರಕ್ಕನೇ ಎತ್ತಿ ಆಡಿಸಿ ಬೆಳೆಸಿದಳು. ಕಾಟಪ್ಪ ನೇಯುವುದನ್ನು ಬಿಟ್ಟ. ಬೇರೆಯವರ ಕಂಬಳಿ ಬಿಗಿಯುವಾಗ ಬಂದು ಒಂದು ತುದಿ ಹಿಡಿದು ನಿಲ್ಲುತ್ತಿದ್ದ. ನಾನು ಊರು ಬಿಟ್ಟೆ.

ಅವರೆಲ್ಲ ಈಗ ಇಲ್ಲ. ಅವರ ನಡುವೆ ಇನ್ನೊಂದು ದಿನ ಕುಳಿತು ಬರಬೇಕು ಎಂದು ಈ ವಯಸ್ಸಿನಲ್ಲೂ ಅನ್ನಿಸುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಸೋಮಯ್ಯ ತನ್ನ ಪ್ರಶ್ನೆಗೆ ಉತ್ತರ ಬರುತ್ತದೆಂದು ಕಾದ. ಬರಲಿಲ್ಲ. ಆ ಜಗಲಿಯ ಮೇಲೆ ಒಬ್ಬೊಬ್ಬರೂ ಆಡಿದ ಮಾತುಗಳನ್ನೆಲ್ಲ ಅವನು ಒಂದೊಂದಾಗಿ ಮನಸ್ಸಿಗೆ ತಂದುಕೊಂಡ. ಗಂಡನ ಮಾತು, ತಂದೆಯ ಮಾತು, ಹಿರಿಯರ ಮಾತು, ಮಾರಕ್ಕನ ಮಾತು, ಗುರುಗಳ ಮಾತು. ಎಲ್ಲೋ ಒಂದು ಮಾತು ತಪ್ಪಿಹೋದಂತೆ ಅನ್ನಿಸಿತು.

“ಗುರುಗಳೇ, ಚಿಕ್ಕೀರಮ್ಮನಿಗೆ ಏನು ಬೇಕಾಗಿತ್ತು?” ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿದರು.

“ಅದನ್ನು ಕೇಳಿದವನು ನೀನೇ ಮೊದಲು.”