ಪಾಲಮ್ಮನ ಚಪ್ಪಡಿ, ತಿಪ್ಪೇಶಿಯ ಪ್ಯಾಂಟು

ಹಳ್ಳಿ ಅಂದರೆ ಹಳ್ಳಿಯಲ್ಲ, ಪಟ್ಟಣ ಅಂದರೆ ಪಟ್ಟಣವಲ್ಲ, ನಗರಸಭೆ ಮಾತ್ರ ಇದೆ, ಅಂಥದೊಂದು ಊರು. ಆ ಊರಿಗೊಂದು ಪೇಟೆ. ಪೇಟೆಯ ನಡುವೆ ಗಡಿಯಾರದ ಕಂಬ. ಕಂಬದ ಪಕ್ಕದ ಫುಟ್‌ಪಾತಿನಲ್ಲಿ, ಔಷಧಿ ಅಂಗಡಿಯ ಮುಂದೆ, ಚರಂಡಿ ಮುಚ್ಚಿದ ಕಲ್ಲುಚಪ್ಪಡಿಯ ಮೇಲೆ ಪಾಲಮ್ಮ ಮಂಡಕ್ಕಿ ಮಾರುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಅದೇ ಚಪ್ಪಡಿ.

ಪಾಲಮ್ಮನಿಗೆ ಒಬ್ಬನೇ ಮಗ, ತಿಪ್ಪೇಶಿ. ವಯಸ್ಸು ಇಪ್ಪತ್ತೆಂಟು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ.

"ಹಾಲು ಉಕ್ಕುತ್ತಾ ನೋಡೋ" ಅಂದರೆ ನೋಡುತ್ತಿದ್ದ. ಉಕ್ಕುವುದನ್ನೂ ನೋಡುತ್ತಿದ್ದ, ಒಲೆ ಆರುವುದನ್ನೂ ನೋಡುತ್ತಿದ್ದ.

"ನಾನು ಸತ್ತ ಮೇಲೆ ಇವನ ಗತಿಯೇನು ಮಾಬುನ್ನಿ" ಅಂತ ಪಾಲಮ್ಮ ಪಕ್ಕದಲ್ಲಿ ಬಾಚಣಿಗೆ ಮಾರುವವಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

"ಸಾಯಬೇಡ ಬಿಡಕ್ಕ" ಅನ್ನುತ್ತಿದ್ದಳು ಮಾಬುನ್ನಿ.

ಒಂದು ಕೆಲಸ ಮಾತ್ರ ತಿಪ್ಪೇಶಿಗೆ ಚೆನ್ನಾಗಿ ಬರುತ್ತಿತ್ತು. ಆ ಫುಟ್‌ಪಾತಿನಲ್ಲಿ ಒಂದು ಪದ್ಧತಿ. ಸಂಜೆ ಮನೆಗೆ ಹೋಗುವಾಗ ತಮ್ಮ ತಮ್ಮ ಜಾಗದಲ್ಲಿ ಒಂದೊಂದು ಕಲ್ಲಿಟ್ಟು ಹೋಗಬೇಕು. ಕಲ್ಲಿದ್ದರೆ ಆ ಜಾಗಕ್ಕೆ ಯಜಮಾನರಿದ್ದಾರೆ ಅಂತ. ಈಚೆಗೆ ಜನ ಕಲ್ಲನ್ನು ಕಾಲಲ್ಲಿ ಒದ್ದು ಬೈಕ್ ನಿಲ್ಲಿಸತೊಡಗಿದ್ದರು. ಅದಕ್ಕೇ ಪಾಲಮ್ಮ ಬೆಳಕು ಹರಿಯುವಾಗಲೇ ಮಗನನ್ನು ಕಳಿಸುತ್ತಿದ್ದಳು. "ಜಾಗ ಹಿಡಿದು ಕೂತಿರು. ನಾನು ಬರೋ ತನಕ ಯಾರು ಹೇಳಿದರೂ ಏಳಬೇಡ."

ಏಳುತ್ತಿರಲಿಲ್ಲ. ಒಮ್ಮೆ ಆಲಿಕಲ್ಲು ಬಿತ್ತು, ಏಳಲಿಲ್ಲ. ಒಮ್ಮೆ ಹೋರಿಯೊಂದು ಬಂದು ಅವನ ಮೇಲೇ ನಿಂತುಕೊಂಡಿತು, ಆಗಲೂ ಏಳಲಿಲ್ಲ.

ಹೀಗಿರುವಾಗ ಆಟೋದ ಮೇಲೆ ಮೈಕ್ ಕಟ್ಟಿಕೊಂಡು ನಗರಸಭೆ ಸಾರಿತು. ಪೇಟೆಗೆ ಮುಂದಿನ ಇಪ್ಪತ್ತು ವರ್ಷದ ನಕ್ಷೆ ಮಾಡುತ್ತೇವೆ, ಜನರನ್ನು ಕೇಳಿಯೇ ಮಾಡುತ್ತೇವೆ, ಸೋಮವಾರ ಪುರಭವನದಲ್ಲಿ ಸಭೆ. ಮೊದಲ ನಕ್ಷೆಯೊಂದನ್ನು ಕಂಬಕ್ಕೆ ಅಂಟಿಸಿಯೂ ಹೋದರು. ಓದು ಬಾರದ ಪಾಲಮ್ಮ ಔಷಧಿ ಅಂಗಡಿಯವನನ್ನು ಕೇಳಿದಳು.

"ನಮ್ಮ ಚಪ್ಪಡಿ ಮೇಲೆ ನೀಲಿ ಬಳಿದಿದಾರಲ್ಲಣ್ಣ, ಅದೇನು?"

"ಕಾರು ನಿಲ್ಲಿಸೋ ಜಾಗ."

"ಮತ್ತೆ ನಾವು?"

"ಸಭೇಲಿ ಹೇಳ್ಕೋಬೇಕಂತೆ ಪಾಲಮ್ಮ. ಅಲ್ಲಿ ಗುರುತು ಹಾಕಿದ ಜಾಗ ಉಳಿಯುತ್ತಂತೆ. ಹಾಕದೆ ಇದ್ದದ್ದು ಇಲ್ಲ."

ಅವತ್ತಿನಿಂದ ಪಾಲಮ್ಮನಿಗೆ ಎದೆ ಡವಡವ. ಮಂಡಕ್ಕಿ ಅಳೆಯುವಾಗ ಡವಡವ, ಅನ್ನ ಉಣ್ಣುವಾಗ ಡವಡವ.

ಸಭೆಯ ಕೆಲಸ ನೋಡುತ್ತಿದ್ದವರು ನಗರಸಭೆಯ ಕರಿಬಸಪ್ಪ. ಅವರಿಗೆ ಓಡಾಡಲು ಒಬ್ಬ ಆಳು ಬೇಕಿತ್ತು. "ಹೇಳಿದಷ್ಟು ಮಾಡ್ತಾನೆ, ಹೇಳದೆ ಇರೋದನ್ನ ಮಾಡಲ್ಲ" ಅಂತ ಯಾರೋ ತಿಪ್ಪೇಶಿಯ ಬಗ್ಗೆ ಹೇಳಿದರು.

"ನಮ್ಮ ಆಫೀಸಿಗೆ ಅಂಥೋನೇ ಬೇಕು" ಅಂದರು ಕರಿಬಸಪ್ಪ. ಸಭೆಯ ಚೀಟಿಗಳ ಕಟ್ಟು ಅವನ ಕೈಗಿಟ್ಟರು. "ಪೇಟೇಲಿ ಒಂದು ಬಾಗಿಲೂ ಬಿಡಬಾರದು. ಬಾಗಿಲಿಗೊಂದು ಚೀಟಿ ಕೊಡು."

ತಿಪ್ಪೇಶಿ ಹೇಳಿದ್ದು ಹೇಳಿದ ಹಾಗೆ ಮಾಡಿದ. ಮನೆ ಬಾಗಿಲಿಗೊಂದು, ಬಚ್ಚಲ ಬಾಗಿಲಿಗೊಂದು. ನಿಂತ ಬಸ್ಸಿಗೆ ಎರಡು ಬಾಗಿಲು, ಎರಡು ಚೀಟಿ. ಸೋಡಾ ಅಂಗಡಿಯ ಫ್ರಿಜ್ಜಿಗೂ ಬಾಗಿಲಿತ್ತು, ಅದಕ್ಕೂ ಒಂದು. ಬಡಗಿಯ ಅಂಗಡಿಯಲ್ಲಿ ಮಾರಾಟಕ್ಕೆ ಒರಗಿಸಿದ ನಲವತ್ತು ಬಾಗಿಲು. ನಲವತ್ತು ಚೀಟಿ ಅಂಟಿಸಿ, ಖಾಲಿ ಕೈ ಬೀಸಿಕೊಂಡು ಅಮ್ಮನ ಹತ್ತಿರ ಬಂದ.

"ನಮಗೆಲ್ಲೋ ಚೀಟಿ?" ಅಂದಳು ಪಾಲಮ್ಮ.

"ನಿನಗೆ ಬಾಗಿಲಿಲ್ಲವಲ್ಲಮ್ಮ."

ಪಾಲಮ್ಮ ಹಿಂದೆ ತಿರುಗಿ ನೋಡಿದಳು. ಹೌದು, ಇರಲಿಲ್ಲ. ಫುಟ್‌ಪಾತಿನ ಹನ್ನೆರಡು ಜನರಲ್ಲಿ ಒಬ್ಬರಿಗೂ ಬಾಗಿಲಿರಲಿಲ್ಲ.

"ಅಯ್ಯೋ ದಡ್ಡ ಮುಂಡೇದೇ, ಸಭೆಗೆ ಬರೋದು ಬಾಗಿಲಾ? ಬಾಗಿಲು ನೋಡಬೇಡ ಕಣೋ. ಮುಖ ನೋಡು. ಮುಖ ಕಂಡ ಕಡೆ ಕೊಡು."

"ಆಯ್ತಮ್ಮ."

ಮರುದಿನ ಕರಿಬಸಪ್ಪ ಜನರ ಅಭಿಪ್ರಾಯ ಬರೆಸುವ ಅರ್ಜಿಗಳನ್ನು ಕೊಟ್ಟರು. ತಿಪ್ಪೇಶಿ ಮುಖ ನೋಡುತ್ತ ಹೋದ. ರಸ್ತೆಯ ಆಚೆ ಬದಿಗೆ ಗುರುಮೂರ್ತಪ್ಪ ಸಾಹುಕಾರರ ಸೀರೆ ಅಂಗಡಿ. ಬಾಗಿಲಲ್ಲಿ ಏಳು ಗೊಂಬೆಗಳು ಸೀರೆ ಉಟ್ಟು ನಿಂತಿದ್ದವು, ಏಳು ಮುಖ. ಏಳರ ಕೈಗೂ ಅರ್ಜಿ ಸಿಕ್ಕಿಸಿದ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮೂವತ್ತಾರು ಮುಖ, ಮೂವತ್ತಾರು ಅರ್ಜಿ. ಕ್ಷೌರದಂಗಡಿಯಲ್ಲಿ ಕೂತವನೊಬ್ಬ, ಕನ್ನಡಿಯಲ್ಲಿ ಇನ್ನೊಬ್ಬ, ಇಬ್ಬರಿಗೂ. ಹೆಲ್ಮೆಟ್ ಹಾಕಿದವರಿಗೆ ಮುಖ ಕಾಣಲಿಲ್ಲ, ಕೊಡಲಿಲ್ಲ. ಫುಟ್‌ಪಾತಿಗೆ ಬರುವ ಹೊತ್ತಿಗೆ ನಡುಮಧ್ಯಾಹ್ನ. ಹನ್ನೆರಡೂ ಜನ ಬಿಸಿಲಿಗೆ ಸೆರಗು, ಟವೆಲ್ಲು ಮುಖದ ಮೇಲೆಳೆದುಕೊಂಡು ಕೂತಿದ್ದರು. ತಿಪ್ಪೇಶಿ ಮುಂದೆ ಹೋದ.

ಸಂಜೆ ಕರಿಬಸಪ್ಪ ಹಣೆ ಒತ್ತಿಕೊಂಡರು. "ಗೊಂಬೆಗೆ ಅರ್ಜಿ ಕೊಟ್ಟಿದೀಯಲ್ಲೋ, ಅದೇನು ಬಾಯಿ ಬಿಟ್ಟು ಹೇಳುತ್ತಾ?"

"ಹೇಳಲಿಲ್ಲ ಸಾರ್. ಸುಮಾರು ಹೊತ್ತು ಕಾದೆ."

"ನಾಳೆ ಬಾಯಿ ಬಿಟ್ಟು ಮಾತಾಡೋರ ಹತ್ರ ಹೋಗು. ಪೇಟೆ ಮುಂದೆ ಹೇಗಿರಬೇಕು ಅಂತ ಕೇಳು. ಅವರ ಬಾಯಲ್ಲಿ ಬಂದದ್ದನ್ನ ಒಂದಕ್ಷರ ಬಿಡದೆ ಬರ್ಕೊಂಡು ಬಾ."

ತಿಪ್ಪೇಶಿ ಏಳನೇ ಕ್ಲಾಸು. ಬರೆಯಲು ಬರುತ್ತಿತ್ತು. ಒಂದಕ್ಷರ ಬಿಡದೆ ಬರೆದು ತಂದ. ಕರಿಬಸಪ್ಪ ನಕ್ಷೆ ಮೇಡಂ ಎದುರಿಗೆ ಗಟ್ಟಿಯಾಗಿ ಓದಿದರು. ನಕ್ಷೆ ಮೇಡಂ ಅಂದರೆ ನಕ್ಷೆ ಬರೆಯಲು ಹೊರಗಿನಿಂದ ಬಂದಿದ್ದಾಕೆ. ಮಾತು ಕಡಿಮೆ.

"ಪೇಟೆ ಮುಂದೆ ಹೇಗಿರಬೇಕು? ಒಬ್ಬರು: 'ಪಕ್ಕಕ್ಕೆ ಸರಿಯೋ, ಇರೋದೇ ಇಷ್ಟು ನೆರಳು.' ಇನ್ನೊಬ್ಬರು: 'ಮಾತಾಡಿಸಬೇಡಪ್ಪ, ಬೆಳಗಿಂದ ಉಚ್ಚೆ ಕಟ್ಕೊಂಡು ಕೂತಿದೀನಿ.' ಮತ್ತೊಬ್ಬರು: 'ಥೂ, ಈ ಹಾರನ್ನಿಗೆ ಏನೂ ಕೇಳಿಸಲ್ಲ.' ಪಾಲಮ್ಮ, ಮಂಡಕ್ಕಿ: 'ಯಾಕೋ ನನ್ನ ಹೊಟ್ಟೇಲಿ ಹುಟ್ಟಿದೆ?'" ಕರಿಬಸಪ್ಪ ಹಾಳೆ ಕೆಳಗಿಟ್ಟರು. "ಇದಾ ಅಭಿಪ್ರಾಯ? ಇದನ್ನ ಅಧ್ಯಕ್ಷರಿಗೆ ತೋರಿಸಲಾ?"

ಮೇಡಂ ಆ ಹಾಳೆ ತೆಗೆದುಕೊಂಡು ಮಡಚಿ ಚೀಲದಲ್ಲಿಟ್ಟುಕೊಂಡರು.

"ಸೋಮವಾರ ನೀನು ಏನೂ ಮಾಡಬೇಡ ಮಾರಾಯ" ಅಂದರು ಕರಿಬಸಪ್ಪ. "ಕೊಡಬೇಡ, ಕೇಳಬೇಡ, ಬರೀಬೇಡ. ಸುಮ್ಮನೆ ಕೂತಿರು."

ಸೋಮವಾರ ಬಂತು. ಚೀಟಿಯೂ ಇಲ್ಲ, ಅರ್ಜಿಯೂ ಇಲ್ಲ ಅಂತ ಫುಟ್‌ಪಾತಿನವರು ಯಾರೂ ಹೊರಟಿರಲಿಲ್ಲ. "ನಮ್ಮನ್ನ ಕರೆದೇ ಇಲ್ಲವಲ್ಲಕ್ಕ, ಹೋದರೆ ಬಾಗಿಲಲ್ಲೇ ಕಳಿಸ್ತಾರೆ" ಅಂದಳು ಮಾಬುನ್ನಿ. ಪಾಲಮ್ಮ ಒಬ್ಬೊಬ್ಬರನ್ನೇ ಒಪ್ಪಿಸಿ ಎಬ್ಬಿಸಬೇಕಿತ್ತು. ಹೊತ್ತಾಗುತ್ತಿತ್ತು. ಎದೆ ಡವಡವ.

"ತಿಪ್ಪೇಶಿ, ನೀನು ಮುಂದೆ ಹೋಗಿರು. ಸಭೇಲಿ ನಮ್ಮ ಜಾಗ ಹಿಡಿದು ಕೂತಿರು. ನಾನು ಬರೋ ತನಕ ಯಾರು ಹೇಳಿದರೂ ಏಳಬೇಡ."

ಮುಂದಿನ ಸಾಲಿನ ಕುರ್ಚಿಯ ಮಾತು ಅದು. ಕುರ್ಚಿ ಅಂತ ಅವಳು ಹೇಳಲಿಲ್ಲ.

ಪುರಭವನದ ಕರಿಕಲ್ಲಿನ ನೆಲ ಆಗಷ್ಟೇ ಒರೆಸಿದ್ದು, ಇನ್ನೂ ಒದ್ದೆ. ಅದರ ಮೇಲೆ ಒಂದು ಮಣೆಯಗಲ ಪೇಟೆಯ ನಕ್ಷೆ. ರಸ್ತೆಗೆ ಬಿಳಿ ರಂಗೋಲಿ, ಕಾರು ನಿಲ್ಲಿಸುವ ಜಾಗಕ್ಕೆ ನೀಲಿ. ಜನ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. "ನಿಮ್ಮ ನಿಮ್ಮ ಜಾಗ ಹುಡುಕಿ ಗುರುತು ಹಾಕಿ" ಅಂತ ಮೇಡಂ ರಂಗೋಲಿ ಬಟ್ಟಲು ಕೊಟ್ಟಿದ್ದರು. ಅಂಗಡಿಯವರು ಒಂದೊಂದು ಚುಕ್ಕಿ ಇಡುತ್ತಿದ್ದರು.

ತಿಪ್ಪೇಶಿ ನೋಡಿದ. ಇದು ಕಂಬ. ಇದು ಔಷಧಿ ಅಂಗಡಿ. ಅದರ ಮುಂದೆ, ನೀಲಿ ಬಳಿದ ಕಡೆ, ಅಮ್ಮನ ಚಪ್ಪಡಿ. ಬೇರೆಯವರಿಗೆ ತಮ್ಮ ಜಾಗ ಸಿಗಲು ಹತ್ತು ನಿಮಿಷ ಬೇಕಾಗಿತ್ತು, ಅವನಿಗೆ ಕ್ಷಣ ಸಾಕಾಯಿತು. ಚಪ್ಪಲಿ ಬಿಟ್ಟ. ನಡೆದು ಹೋದ. ಚಪ್ಪಡಿಯ ಮೇಲೆ ಕೂತ.

"ಏ, ಏಳೋ" ಅಂದರು ಕರಿಬಸಪ್ಪ.

"ಅಮ್ಮ ಬಂದಿಲ್ಲ ಸಾರ್."

"ಅದು ನಕ್ಷೆ ಕಣೋ."

"ಹೌದು ಸಾರ್. ಅಮ್ಮನ ಜಾಗ."

"ನನ್ನ ಅಂಗಡಿ ಇವನ ತೊಡೆ ಕೆಳಗಿದೆ" ಅಂದರು ಗುರುಮೂರ್ತಪ್ಪ ಸಾಹುಕಾರರು, ನೆಲಕ್ಕೆ ಬಗ್ಗಿ. "ಎಳೀರಿ ಇವನನ್ನ."

"ಎಳೆದರೆ ಪೂರ್ತಿ ಅಳಿಸುತ್ತೆ" ಅಂದರು ಮೇಡಂ. ಎಲ್ಲರೂ ಕೈ ಬಿಟ್ಟು ನಿಂತರು. ಇಡೀ ಪೇಟೆ ಅವನ ಅಡಿಯಲ್ಲಿ, ಇಡೀ ಊರು ಅವನ ಸುತ್ತ. ತಿಪ್ಪೇಶಿ ಸುಮ್ಮನೆ ಕೂತಿದ್ದ. ಸುಮ್ಮನೆ ಕೂತಿರು ಅಂತ ಕರಿಬಸಪ್ಪನವರೇ ಹೇಳಿದ್ದರಲ್ಲ.

ಅಷ್ಟರಲ್ಲಿ ಪಾಲಮ್ಮ ಹನ್ನೊಂದು ಜನರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದಳು. ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಏಳು ಮಗ" ಅಂದಳು, ಸಣ್ಣ ದನಿಯಲ್ಲಿ.

ತಿಪ್ಪೇಶಿ ತಟ್ಟನೆ ಎದ್ದ. ನೆಲದ ಮೇಲೆ ಪೇಟೆಯಿರಲಿಲ್ಲ. ಕಂಬ, ರಸ್ತೆ, ಅಂಗಡಿ, ಚುಕ್ಕಿ, ನೀಲಿ, ಎಲ್ಲವೂ ಅವನ ಕರಿ ಪ್ಯಾಂಟಿನ ಹಿಂದುಗಡೆ ಅಚ್ಚುಕಟ್ಟಾಗಿ ಕೂತಿದ್ದವು.

"ಫೋಟೋ ತೆಗೆದಿದೀರಾ ಮೇಡಂ?" ಅಂದರು ಕರಿಬಸಪ್ಪ.

"ಇಲ್ಲ. ಎಲ್ಲರೂ ಗುರುತು ಹಾಕಿದ ಮೇಲೆ ತೆಗೆಯೋಣ ಅಂತಿದ್ದೆ. ಜನ ಹಾಕಿದ್ದೆಲ್ಲ ಈಗ ಇವರ ಮೇಲಿದೆ." ಮೇಡಂ ಫೋನು ಎತ್ತಿದರು, ಹಿಂದುಗಡೆ ಅಂತ ನಾಚಿ ಇಳಿಸಿದರು. "ಉಳಿದವರೂ ಇದರ ಮೇಲೇ ಹಾಕಲಿ. ಗುರುವಾರ ಮತ್ತೆ ಸಭೆ ಸೇರೋಣ."

ಕರಿಬಸಪ್ಪ ತಿಪ್ಪೇಶಿಯ ಎರಡೂ ಭುಜ ಹಿಡಿದರು. "ಗುರುವಾರದ ತನಕ ಒಂದು ಗೆರೆ ಅಳಿಸಬಾರದು. ತಿಳೀತಾ?"

"ತಿಳೀತು ಸಾರ್."

ತಿಪ್ಪೇಶಿ ಕೂರಲಿಲ್ಲ. ಗೋಡೆಗೆ ಒರಗಲಿಲ್ಲ. ನಿಂತೇ ಉಂಡ, ಬೋರಲು ಮಲಗಿದ. ಹಗಲೆಲ್ಲ ಅಮ್ಮನ ಚಪ್ಪಡಿಯ ಹತ್ತಿರ ರಸ್ತೆಗೆ ಬೆನ್ನು ಹಾಕಿ ನಿಂತ. ಮಂಗಳವಾರ ಇಬ್ಬರು ಬಂದು ಬಗ್ಗಿ ನೋಡಿದರು. ಬುಧವಾರ ಸಾಲು ನಿಂತಿತು.

"ನಮ್ಮ ಹೋಟ್ಲು ಎಲ್ಲೋ?"

"ಬಲಗಡೆ ಜೇಬಿನ ಕೆಳಗೆ ನೋಡಿ ಸ್ವಾಮಿ" ಅನ್ನುತ್ತಿದ್ದಳು ಮಾಬುನ್ನಿ. ಫುಟ್‌ಪಾತಿನ ಹನ್ನೆರಡು ಜನ ಒಂದೊಂದು ಚಿಟಿಕೆ ರಂಗೋಲಿ ತಂದು ತಮ್ಮ ಚುಕ್ಕಿಯನ್ನೂ ಇಟ್ಟರು. ಪಾಲಮ್ಮನ ಚುಕ್ಕಿ ಮಾತ್ರ ಸ್ವಲ್ಪ ದಪ್ಪವಾಯಿತು.

ಗುರುಮೂರ್ತಪ್ಪ ಸಾಹುಕಾರರೂ ಬಂದರು. ಕನ್ನಡಕ ಏರಿಸಿ ನೋಡಿದರು. ಕನ್ನಡಿಯಲ್ಲಿ ಆದ ಹಾಗೆ ಪ್ಯಾಂಟಿನ ಮೇಲೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿತ್ತು. ರಸ್ತೆಯ ಈಚೆಗಿದ್ದ ನೀಲಿ ಆಚೆಗೆ ಹೋಗಿ, ನೋಡುವವರಿಗೆ ಸೀರೆ ಅಂಗಡಿಯ ಮೇಲೆ ಕೂತ ಹಾಗೆ ಕಾಣುತ್ತಿತ್ತು.

"ಇದೇನು, ನನ್ನ ಅಂಗಡಿ ಮೇಲೆ ಕಾರು ನಿಲ್ಲಿಸ್ತಾರಾ? ನಮ್ಮ ತಂದೆ ಕಾಲದ ಅಂಗಡಿ."

"ಎದೆ ಹೊಡ್ಕೊಳ್ಳುತ್ತಾ ಸಾವ್ಕಾರ್ರೇ?" ಅಂದಳು ಪಾಲಮ್ಮ.

"ಹೊಡ್ಕೊಳ್ಳದೆ ಇರುತ್ತಾ?"

"ಹೂಂ. ಹಂಗೇ ಇರುತ್ತೆ ಅದು."

ಸಾಹುಕಾರರು ಅವಳ ಚಪ್ಪಡಿ ನೋಡಿದರು. ಅಲ್ಲಿಟ್ಟಿದ್ದ ಕಲ್ಲು ನೋಡಿದರು. ರಸ್ತೆ ದಾಟಿದರು.

ಗುರುವಾರ ಬೆಳಿಗ್ಗೆ ಔಷಧಿ ಅಂಗಡಿಗೆ ಕರಿಬಸಪ್ಪನವರ ಫೋನು. "ತಿಪ್ಪೇಶಿ ಬರೋದು ಬೇಡ. ಪ್ಯಾಂಟು ಮಾತ್ರ ಬರಲಿ. ಜೀಪ್ ಕಳಿಸ್ತೀನಿ."

ಪಾಲಮ್ಮ ಈ ಸಲ ಎಲ್ಲವನ್ನೂ ಯೋಚಿಸಿ, ಬೆರಳು ಮಡಚಿ ಮಡಚಿ ಹೇಳಿದಳು. "ನಾವೆಲ್ಲ ಸಭೆಗೆ ಹೋಗ್ತೀವಿ. ಜೀಪ್ ಬಂದರೆ ಪ್ಯಾಂಟು ಬಿಚ್ಚಿ ಕೊಡು. ಮಡಚಬೇಡ, ಒದರಬೇಡ. ಕೊಟ್ಟ ಮೇಲೆ ಜಾಗ ಹಿಡಿದು ಕೂತಿರು. ಎಲ್ಲರ ಕಲ್ಲೂ ನೋಡ್ಕೋ. ನಾನು ಬರೋ ತನಕ ಯಾರು ಹೇಳಿದರೂ ಏಳಬೇಡ."

"ಆಯ್ತಮ್ಮ."

ಚೀಲದಲ್ಲಿ ಪಂಚೆ ಇಟ್ಟಿದ್ದಳು. ಉಟ್ಟುಕೋ ಅಂತ ಹೇಳಲಿಲ್ಲ.

ಪುರಭವನದಲ್ಲಿ ಮೇಜಿನ ಮೇಲೆ ಪ್ಯಾಂಟು ಬೋರಲು ಹರಡಿದರು. ಊರೆಲ್ಲ ಬಗ್ಗಿ ನೋಡಿತು. ಮೇಡಂ ಮಡಚಿಟ್ಟಿದ್ದ ಹಾಳೆ ತೆಗೆದು ನೆರಳಿನದೂ ಉಚ್ಚೆಯದೂ ಓದಿದರು. ಯಾರೂ ನಗಲಿಲ್ಲ. ಆಮೇಲೆ ಸಾಹುಕಾರರು ಎದ್ದು ನಿಂತರು. "ಆ ನೀಲಿ ಈ ಕಡೇಲೂ ಬೇಡ, ಆ ಕಡೇಲೂ ಬೇಡ. ಕಾರಿನವರು ಹಳೇ ಸಂತೆ ಮೈದಾನದಲ್ಲಿ ನಿಲ್ಲಿಸಿ ನಡ್ಕೊಂಡು ಬರಲಿ." ಮೇಡಂ ಎಲ್ಲರ ಮುಖ ನೋಡಿದರು. ಕಾಗದದ ನಕ್ಷೆಯಲ್ಲಿ ನೀಲಿ ಅಳಿಸಿ, ಹನ್ನೆರಡು ಚುಕ್ಕಿ ಇಟ್ಟರು. ಅಧ್ಯಕ್ಷರ ರುಜು ಆಯಿತು.

ಪಾಲಮ್ಮನ ಎದೆ ಮೊದಲ ಸಲ ಸುಮ್ಮನಾಯಿತು. ಆಗ ಅವಳು ಮೇಜಿನ ಕಡೆ ನೋಡಿದಳು.

"ಮಾಬುನ್ನಿ, ಪ್ಯಾಂಟು ಇಲ್ಲಿದೆ."

"ಹೂಂ ಅಕ್ಕ."

"ಮತ್ತೆ ಅವನು?"

ಡವಡವ ಅಂತ ಎದ್ದು ಓಡಿದಳು.

ಇತ್ತ ಅಧ್ಯಕ್ಷರು ಸಭೆ ಮುಗಿಸಿ ವಾಪಸು ಹೋಗುವ ದಾರಿ ಅಂತ ಫುಟ್‌ಪಾತ್ ಖಾಲಿ ಮಾಡಿಸುವ ನಗರಸಭೆಯ ಲಾರಿ ಬಂದಿತ್ತು. ಸಭೆಯಲ್ಲಿ ಏನಾಯಿತೆಂದು ಲಾರಿಗೆ ಗೊತ್ತಿಲ್ಲ. ಹನ್ನೆರಡು ಕಲ್ಲಿನ ನಡುವೆ, ಮಡಿಲ ಮೇಲೆ ಮಂಡಕ್ಕಿ ಚೀಲ ಇಟ್ಟುಕೊಂಡು ಒಬ್ಬ ಕೂತಿದ್ದ.

"ಏಳೋ ಮೇಲೆ" ಅಂದ ಲಾರಿಯ ಮೇಸ್ತ್ರಿ.

"ಏಳಲ್ಲ ಸಾರ್."

"ಏಳಲ್ವಾ? ಹಾಕ್ರೋ ಇವನ ಚೀಲ ಲಾರಿಗೆ" ಅಂತ ಮೇಸ್ತ್ರಿಯೇ ಚೀಲ ಎತ್ತಿದ.

ಎತ್ತಿದವನು ಹಾಗೇ ನಿಂತ. ಬಸ್ಸು ಕಾಯುತ್ತಿದ್ದ ಕಾಲೇಜಿನ ಹುಡುಗಿಯರು ಆ ಕಡೆ ತಿರುಗಿದರು. ಮೇಸ್ತ್ರಿ ಚೀಲವನ್ನು ಎಲ್ಲಿತ್ತೋ ಅಲ್ಲೇ ಮೆಲ್ಲಗೆ ಇಟ್ಟ. ಒಮ್ಮೆ ಒತ್ತಿಯೂ ಇಟ್ಟ.

"ಕೂತ್ಕೊ. ಅಲ್ಲೇ ಕೂತಿರು ಮಾರಾಯ. ಯಾರು ಹೇಳಿದರೂ ಏಳಬೇಡ."

ಲಾರಿ ಮುಂದಕ್ಕೆ ಹೋಯಿತು. ಒಂದು ಕಲ್ಲೂ ಕದಲಲಿಲ್ಲ.

ಪಾಲಮ್ಮ ಏದುಸಿರು ಬಿಡುತ್ತ ಬಂದಳು. ಲಾರಿಯ ಬೆನ್ನು ನೋಡಿದಳು, ಕಲ್ಲುಗಳನ್ನು ಎಣಿಸಿದಳು, ಮಗನನ್ನು ನೋಡಿದಳು.

"ಅಮ್ಮ, ನೀನು ಬಂದೆ" ಅಂದ ತಿಪ್ಪೇಶಿ, ಚೀಲ ಪಕ್ಕಕ್ಕಿಡುತ್ತ. "ಈಗ ಏಳಲಾ?"

"ಬೇಡಪ್ಪಾ" ಅಂದಳು ಪಾಲಮ್ಮ, ಸೆರಗು ಬಿಚ್ಚಿ ಅಡ್ಡ ಹಿಡಿಯುತ್ತ. "ನೀನು ಏಳಲೇಬೇಡ."

ತಿಪ್ಪೇಶಿ ಹೇಳಿದ್ದು ಹೇಳಿದ ಹಾಗೆ ಮಾಡಿದ.